ಏಳೆಳೆ ಹಾರ, ಒಂದು ಡಬ್ಬಿ ಜಲಭರಾ

"ದೀದಿ, ನನ್ನ ಮಾನ ಉಳಿಸಿ!" ಎನ್ನುತ್ತ ಶಿವಪ್ರಸನ್ನ ಭಾದುಡಿ ಹೈಮವತಿ ದೀದಿಯ ಜಗಲಿ ಹತ್ತಿ ಬಂದಾಗ ಬೆಳಗಿನ ಎಂಟು ಗಂಟೆಯೂ ಆಗಿರಲಿಲ್ಲ. ನಾನು ಸಕ್ಕರೆಯಿಲ್ಲದ ಚಹಾದ ಎರಡನೇ ಗುಟುಕಿಗೆ ಮುಖ ಕಿವುಚಿಕೊಂಡು ಕೂತಿದ್ದೆ. ಶಿವಪ್ರಸನ್ನನ ಹೆಗಲ ಮೇಲೆ ಶಾಲು ಉಲ್ಟಾ ಬಿದ್ದಿತ್ತು. ಎಡಗಾಲಿನ ಚಪ್ಪಲಿ ಒಂದು ಜೋಡಿಯದು, ಬಲಗಾಲಿನದು ಇನ್ನೊಂದರದು. ಅವತ್ತು ಗುರುವಾರ, ಸಂಜೆಗೆ ಅವನ ಒಬ್ಬಳೇ ಮಗಳು ಖುಕುವಿನ ಮದುವೆ.

"ಕೂತ್ಕೊ. ಮೊದಲು ಉಸಿರಾಡು, ಆಮೇಲೆ ಮಾತಾಡು," ಎಂದರು ದೀದಿ.

"ಕೂರೋಕೆ ಎಲ್ಲಿ ಟೈಮಿದೆ ದೀದಿ! ನಿರ್ಮಲಾಳ ಏಳೆಳೆ ಹಾರ ಕಳುವಾಗಿದೆ. ಖುಕುಗೆ ಇವತ್ತು ಹಾಕ್ಬೇಕಾಗಿದ್ದದ್ದು. ಎಲ್ರೂ ಮಿಠಾಯಿ ಮಾಡೋಕೆ ಬಂದಿರೋ ಸುದಾಮ್ ಕಡೆ ಬೊಟ್ಟು ಮಾಡ್ತಿದಾರೆ. ನಮ್ಮಕ್ಕ ಅಂತೂ ಪೊಲೀಸ್ ಕರಿ ಅಂತ ನಿಂತಿದಾಳೆ. ಈ ಕಡೆ ಖುಕು ನೋಡಿದ್ರೆ, ಸುದಾಮ್ ಕಾಕಾನ್ನ ಪೊಲೀಸರು ಎಳ್ಕೊಂಡು ಹೋದ್ರೆ ನಾನು ಮದುವೆ ಮಣೆ ಮೇಲೆ ಕೂರೋಲ್ಲ ಅಂತ ಹಟ ಹಿಡಿದು ಕೂತಿದಾಳೆ. ಹನ್ನೆರಡಕ್ಕೆ ಗಂಡಿನ ಮನೆಯಿಂದ ಅರಿಶಿನದ ತಟ್ಟೆಗಳು ಬರ್ತವೆ. ಅಷ್ಟರೊಳಗೆ ಏನಾದ್ರೂ ಮಾಡಿ."

"ಸುದಾಮನಾ? ಅವನು ಕದ್ದ ಅಂದ್ರೆ ನಾನು ಗಂಗೇಲಿ ಮುಳುಗ್ತೀನಿ!" ಎಂದು ನಾನು ಲೋಟ ಕುಕ್ಕಿದೆ.

"ಮುಳುಗೋಕೆ ಮುಂಚೆ ಶಾಲು ಹೊದ್ಕೊ ತಾರಾಪದ, ಚಳಿಯಿದೆ," ಎಂದು ದೀದಿ ಎಲೆಯಡಿಕೆ ಡಬ್ಬಿ ಎತ್ತಿಕೊಂಡು ಎದ್ದೇಬಿಟ್ಟರು.

ನಾನು ತಾರಾಪದ ಬಿಶ್ವಾಸ್. ಚುಂಚುಡಾದ ಗಡಿಯಾರ ಕಂಬದ ಹತ್ತಿರ ಮೂವತ್ತು ವರ್ಷದಿಂದ ಹೋಮಿಯೋಪತಿ ಔಷಧಿ ಕೊಡುತ್ತಿದ್ದೇನೆ. ಊರಿಗೆಲ್ಲ ಸಿಹಿ ಗುಳಿಗೆ ಹಂಚುವ ನನಗೇ ಸಕ್ಕರೆ ಕಾಯಿಲೆ. ನಗುವವರು ನಗಲಿ, ನಾನು ನಕ್ಕು ಎರಡು ವರ್ಷವಾಯಿತು. ನನ್ನ ಹೆಂಡತಿ ಶೈಲಬಾಲಾ ಸಂದೇಶ ಎಂಬ ಹಾಲಿನ ಮಿಠಾಯಿಯ ಒಂದು ಚೂರೂ ನನ್ನ ಬಾಯಿಗೆ ಹೋಗದಂತೆ ಕಾಯುತ್ತಾಳೆ. ಸರ್ಕಾರ ಖಜಾನೆಯನ್ನೂ ಅಷ್ಟು ಎಚ್ಚರಿಕೆಯಿಂದ ಕಾಯಲಿಕ್ಕಿಲ್ಲ. ಹೈಮವತಿ ಸಾನ್ಯಾಲ್ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಊರಿನ ಅರ್ಧ ಹೆಂಗಸರು ಅವರ ಅಡಿಪಟ್ಟಿಯ ರುಚಿ ನೋಡಿದ್ದಾರೆ. ನಮ್ಮ ಓಣಿಯಲ್ಲಿ ಏನೇ ಕಳೆದರೂ ಜನ ಠಾಣೆಗೆ ಹೋಗುವ ಮೊದಲು ಅವರ ಜಗಲಿಗೆ ಬರುತ್ತಾರೆ. ಅವರು ಕಂಡುಹಿಡಿಯದೆ ಬಿಟ್ಟದ್ದನ್ನು ನಾನಂತೂ ನೋಡಿಲ್ಲ.

ಭಾದುಡಿಯವರ ಮನೆಯ ಅಂಗಳದಲ್ಲಿ ಚಪ್ಪರವೇನೋ ನಿಂತಿತ್ತು, ಸಡಗರ ಮಾತ್ರ ಸತ್ತುಹೋಗಿತ್ತು. ಒಂದು ಮೂಲೆಯಲ್ಲಿ ಮದುವೆಗೆಂದೇ ಮಂಗಳವಾರ ಹೂಡಿದ ಮಣ್ಣಿನ ದೊಡ್ಡ ಒಲೆ, ಅದರ ಮೇಲೆ ಖಾಲಿ ಬಾಣಲೆ. ಒಲೆ ಆರಿತ್ತು. ಪಕ್ಕದಲ್ಲಿ ಸುದಾಮ್ ಗುಛಾಯಿತ್ ತನ್ನ ಬಟ್ಟೆಗಂಟಿನ ಮೇಲೆ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ. ಅಂಗೈ ಎರಡೂ ಬಾಣಲೆಯ ಬಿಸಿಗೆ ಬೆಂದು ಹೊಳಪು ಹತ್ತಿದವು. ಖುಕುವಿನ ಅನ್ನಪ್ರಾಶನಕ್ಕೂ ಇದೇ ಅಂಗಳದಲ್ಲಿ ಒಲೆ ಹೂಡಿದವನು ಅವನೇ. ಅವನನ್ನು ಕಾಯಲು ಶಿವಪ್ರಸನ್ನನ ತಮ್ಮ ಕಾನು ಎದುರಿಗೇ ನಿಂತು ಸಿಗರೇಟು ಸೇದುತ್ತಿದ್ದ.

ಬಾಗಿಲಲ್ಲೇ ಶಿವಪ್ರಸನ್ನನ ಅಕ್ಕ ಸರಜು ದೀದಿ ನಮ್ಮನ್ನು ತಡೆದರು. ಬಿಳಿ ಸೀರೆ, ಕತ್ತರಿಸಿದ ಕೂದಲು, ಗರಗಸದಂಥ ಗಂಟಲು. ಗಂಡ ಸತ್ತ ಹದಿನೆಂಟು ವರ್ಷದಿಂದ ತಾವೇ ಬೇಯಿಸಿದ್ದನ್ನು ಬಿಟ್ಟು ಬೇರೆಯವರ ಕೈಯ ಒಂದು ತುತ್ತೂ ಮುಟ್ಟಿದವರಲ್ಲ. ಹಾಲೊಡೆಸಿ ಮಾಡಿದ ಸಿಹಿಯನ್ನಂತೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

"ಹೈಮ, ನೀನು ಪತ್ತೆ ಮಾಡೋಕೆ ಏನೂ ಉಳಿದಿಲ್ಲ," ಎಂದರು. "ಕಳ್ಳ ಅಂಗಳದಲ್ಲೇ ಕೂತಿದಾನೆ. ಬಾ, ಗುರುತು ತೋರಿಸ್ತೀನಿ."

ಮಹಡಿಯ ಮೇಲೆ ಶಿವಪ್ರಸನ್ನನ ಹೆಂಡತಿ ನಿರ್ಮಲಾಳ ಕೋಣೆಯಲ್ಲಿ ಹಳೆಯ ತೇಗದ ಪೆಟ್ಟಿಗೆಯಿತ್ತು. ನಿರ್ಮಲಾ ಅದರ ಪಕ್ಕ ನೆಲದ ಮೇಲೆ ಕೂತು ಅಳುತ್ತಿದ್ದಳು. ಕಿಟಕಿಯ ಹತ್ತಿರ ಖುಕು, ಕೆಂಪಂಚಿನ ಸೀರೆಯಲ್ಲಿ, ಉಪವಾಸದ ಬಾಡಿದ ಮುಖ ಹೊತ್ತು ನಿಂತಿದ್ದಳು.

"ಪೆಟ್ಟಿಗೆ ಕೊನೇ ಸಲ ತೆರೆದದ್ದು ಯಾವಾಗ?" ದೀದಿ ಕೇಳಿದರು.

"ಮಂಗಳವಾರ ಮಧ್ಯಾಹ್ನ," ನಿರ್ಮಲಾ ಮೂಗೊರೆಸಿಕೊಂಡಳು. "ಅಕ್ಕಪಕ್ಕದವರಿಗೆ ಹಾರ ತೋರಿಸಿ ಮತ್ತೆ ಬೀಗ ಹಾಕ್ದೆ. ಆಮೇಲೆ ಎರಡು ಗಂಟೆಗೆ ಎಲ್ರೂ ಚಕ್ರವರ್ತಿಯವರ ಮನೆಗೆ ಹೋದ್ವಿ, ಖುಕುಗೆ ಮದುವೆ ಮುಂಚಿನ ಊಟಕ್ಕೆ ಕರೆದಿದ್ರು. ನಾಲ್ಕಕ್ಕೆ ವಾಪಸ್. ಆವತ್ತು ಸಂಜೆಯಿಂದ ಈ ಕೋಣೇಲಿ ನೆಂಟರ ಹೆಂಗಸರು ಮಲಗ್ತಿದಾರೆ, ಒಂದು ಗಳಿಗೆ ಖಾಲಿ ಇಲ್ಲ. ಪೆಟ್ಟಿಗೆ ಮೇಲೆ ಹಾಸಿಗೆ ಪೇರಿಸಿದ್ವಿ. ಇವತ್ತು ಬೆಳಿಗ್ಗೆ ಹಾಸಿಗೆ ಇಳಿಸಿ ತೆಗೆದ್ರೆ ಹಾರ ಇಲ್ಲ!"

"ಬೀಗ ಒಡೆದಿತ್ತಾ?"

"ಇಲ್ಲ. ಹಾಕಿದ ಹಾಗೇ ಇತ್ತು. ಬೀಗದ ಕೈ ಇದೇ ಕೋಣೇಲಿರೋ ಲಕ್ಷ್ಮೀಪೂಜೆಯ ಅಕ್ಕಿ ಗಡಿಗೆಯೊಳಗಿತ್ತು, ಅಲ್ಲೇ ಇದೆ. ನಮ್ಮಮ್ಮನೂ ಅಲ್ಲೇ ಇಡ್ತಿದ್ಲು. ನಂಗೂ ಅದೇ ಅಭ್ಯಾಸ."

"ಸರಜು, ಆವತ್ತು ನೀನು?"

"ನಾನು ಪರರ ಮನೇಲಿ ಉಣ್ತೀನಾ? ಗಂಗೆಗೆ ಹೋಗಿದ್ದೆ, ಸ್ನಾನಕ್ಕೆ. ಹಿಂದಿನ ಬಾಗಿಲು ಸುಮ್ಮನೆ ಎಳ್ಕೊಂಡು ಹೋದೆ. ಮನೇಲಿದ್ದೋನು ಅವನೊಬ್ಬನೇ. ನೋಡಿಲ್ಲಿ," ಎಂದು ಸರಜು ದೀದಿ ಪೆಟ್ಟಿಗೆಯ ಮುಚ್ಚಳದತ್ತ ಬೆರಳು ಚಾಚಿದರು.

ಮುಚ್ಚಳದ ಒಂದು ಕಡೆ ಕಂದು ಬಣ್ಣದ ಕಲೆಯಿತ್ತು. ಬೆರಳುದ್ದ ನೇರವಾಗಿ ಹೋಗಿ, ಚಕ್ಕನೆ ಮೂಲೆ ತಿರುಗಿ ಮತ್ತೆ ಅರ್ಧ ಬೆರಳು ಓಡಿತ್ತು. ಅದರ ಉದ್ದಕ್ಕೂ ಇರುವೆಗಳು. ದೀದಿ ಬಗ್ಗಿ ಮೂಸಿದರು. ನಾನೂ ಮೂಸಿದೆ. ಆಹಾ, ಹೊಸ ಈಚಲ ಬೆಲ್ಲ! ಮಾಘ ಮಾಸದಲ್ಲಿ ನಮ್ಮ ಊರಿನ ಗಾಳಿಯೇ ಆ ವಾಸನೆ ಹೊಡೆಯುತ್ತದೆ. ನನ್ನ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ.

"ಮಂಗಳವಾರ ಬೆಳಿಗ್ಗೆ ನಾನೇ ಈ ಪೆಟ್ಟಿಗೆ ಒರೆಸಿದ್ದೆ," ಎಂದರು ಸರಜು ದೀದಿ. "ಸಂಜೆಯಿಂದ ಮೇಲೆ ಹಾಸಿಗೆ ಇತ್ತು. ಬೆಲ್ಲದ ಕೈ ಈ ಮನೇಲಿ ಇನ್ಯಾರದ್ದು? ಹೇಳು!"

"ಪಿಶಿ, ಸಾಕು ಮಾಡು," ಖುಕು ಅತ್ತೆಯತ್ತ ತಿರುಗಿದಳು. "ಸುದಾಮ್ ಕಾಕಾ ಒಂದು ಲವಂಗ ಬೇಕಿದ್ರೂ ಕೇಳಿ ತಗೋತಾರೆ."

"ಕೇಳಿ ತಗೊಳ್ಳೋರೇ ಕೇಳದೆ ತಗೊಳ್ಳೋದು! ನಿಂಗೇನು ಗೊತ್ತು ಪ್ರಪಂಚ?"

ಅಷ್ಟರಲ್ಲಿ ಕೆಳಗೆ ದೊಡ್ಡ ದನಿ ಕೇಳಿಸಿತು. ನಾವೆಲ್ಲ ಇಳಿದು ಬಂದೆವು. ನಿರ್ಮಲಾಳ ತಮ್ಮ ಭವತೋಷ್ ಕಲ್ಕತ್ತೆಯಿಂದ ಬಂದಿದ್ದ. ಗಂಜಿ ಹಾಕಿದ ಧೋತ್ರ, ರೇಷ್ಮೆ ಅಂಗಿ, ಕೈಯಲ್ಲಿ ದಾರ ಸುತ್ತಿದ ಒಂದು ರಟ್ಟಿನ ಡಬ್ಬಿ. ಹೆಂಡತಿ, ಮಗಳು ರೇಬಾ ಮಧ್ಯಾಹ್ನದ ಗಾಡಿಗೆ ಬರುತ್ತಾರಂತೆ.

"ಏನು ಜಾಮಾಯಿಬಾಬು, ಮದುವೆ ಮನೇನೋ ಮಸಣಾನೋ?" ಎಂದು ಭಾವನನ್ನು ಕೇಳಿದವನು, ಸುದ್ದಿ ತಿಳಿದದ್ದೇ ತಲೆ ಮೇಲೆ ಕೈ ಹೊತ್ತ. "ಅಮ್ಮನ ಹಾರವಾ! ಅಯ್ಯೋ ದೀದಿ! ಅದಕ್ಕೇ ಹೇಳೋದು, ಕಂಡೋರನ್ನೆಲ್ಲ ಮನೆಯೊಳಗೆ ಬಿಟ್ಕೋಬಾರದು ಅಂತ. ಇನ್ನೂ ಏನು ನೋಡ್ತಿದೀರಿ? ಠಾಣೆಗೆ ಕಳಿಸಿ ಈ ಮುದುಕನ್ನ!"

"ಕಳಿಸೋಣ," ಎಂದರು ಹೈಮವತಿ ದೀದಿ ತಣ್ಣಗೆ. "ನೀವು ಈಗ ಬಂದ್ರಾ?"

"ಈಗಷ್ಟೇ. ಎಂಟರ ಗಾಡಿಗೆ ಇಳಿದೆ. ಬರಿಗೈಲಿ ಬರೋದು ಹೇಗೆ ಅಂತ ಸ್ಟೇಷನ್ ಎದುರಿಗೆ ಕುಂಡು ಅಂಗಡೀಲಿ ಇದನ್ನ ಕಟ್ಟಿಸಿಕೊಂಡೆ. ಏನು ರಶ್ಶು ಅಂತೀರಿ, ಹತ್ತು ಜನರ ಹಿಂದೆ ನಿಂತಿದ್ದೆ," ಎಂದು ಡಬ್ಬಿಯನ್ನು ಸರಜು ದೀದಿಯ ಕೈಗಿಟ್ಟ. ಅವರು ಅದನ್ನು ತೆರೆಯದೆ ಉಗ್ರಾಣದಲ್ಲಿದ್ದ ಸಿಹಿ ಡಬ್ಬಿಗಳ ರಾಶಿಯ ಮೇಲಿಟ್ಟು ಬಂದರು.

ಕುಂಡು ಅಂಗಡಿ! ಆ ಹೆಸರು ಕಿವಿಗೆ ಬಿದ್ದ ಮೇಲೆ ತನಿಖೆಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ದೀದಿ ಕಾನುವನ್ನು ವಿಚಾರಿಸುವಾಗ ಪಕ್ಕದಲ್ಲೇ ಇದ್ದೆ.

"ಮಂಗಳವಾರ ಊಟದ ಮಧ್ಯ ನೀನು ಎದ್ದು ಬಂದಿದ್ದೆಯಂತೆ?"

ಕಾನು ಬೆಚ್ಚಿದ. "ಯಾರು ಹೇಳಿದ್ರು? ಹೌದು, ಸಿಗರೇಟು ಮರೆತಿದ್ದೆ, ಅದಕ್ಕೇ ಬಂದೆ. ಮೂರು ಗಂಟೆ ಇರ್ಬೇಕು. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ ತಗೊಂಡು ಬಂದೆ, ಅಷ್ಟೇ. ನನ್ನ ಮೇಲೆ ಅನುಮಾನ ಬೇಡ ಹೈಮದೀದಿ, ನಿಮ್ಮಾಣೆ!"

"ಆಣೆ ಇಟ್ಕೊ. ಏನು ನೋಡ್ದೆ, ಏನು ಕೇಳ್ದೆ?"

"ಸುದಾಮ್ ದಾದಾ ಇಲ್ಲೇ ಕೂತು ಬಟ್ಟೇಲಿ ಒಡೆದ ಹಾಲು ಹಿಂಡ್ತಿದ್ದ. ನಾನು ಮೆಟ್ಟಿಲು ಹತ್ತುವಾಗ ಹಿಂದಿನ ಬಾಗಿಲು ದಡ್ ಅಂತು. ಗಾಳಿ ಅಂದ್ಕೊಂಡೆ."

ದೀದಿ ಸುದಾಮನ ಪಕ್ಕ ಮಣೆ ಎಳೆದುಕೊಂಡು ಕೂತರು. ಅವನು ತಲೆ ಎತ್ತಲಿಲ್ಲ.

"ಏನಪ್ಪಾ, ಮದುವೆಗೆ ಏನೇನು ಮಾಡಿದೀಯ?"

"ಸಕ್ಕರೆ ಸಂದೇಶ ಆಯ್ತು ದೀದಿ, ನಿನ್ನೆ ರಾತ್ರೀನೇ. ಶಂಖದ ಅಚ್ಚು, ಮೀನಿನ ಅಚ್ಚು, ಎರಡೂ. ಖುಕುಮಣಿಗೆ ಇಷ್ಟ ಅಂತ ಜಲಭರಾ ಮಾಡ್ಬೇಕಿತ್ತು, ಅದೇ ಆಗಲಿಲ್ಲ."

"ಯಾಕೆ?"

"ಬೆಲ್ಲ ಎಲ್ಲಿದೆ? ನಿನ್ನೆ ಬೆಳಿಗ್ಗೆ ತರ್ತೀನಿ ಅಂದಿದ್ದ ಬೆಲ್ಲದವನು. ಮೋಡ ಮುಚ್ಕೊಳ್ತಲ್ಲ! ಮೋಡ ಇದ್ರೆ ಈಚಲ ರಸ ಹುಳಿ ಬರುತ್ತೆ, ಅವನು ಮರಾನೇ ಹತ್ತೋಲ್ಲ. ನಿನ್ನೇನೂ ಇಲ್ಲ, ಇವತ್ತೂ ಇಲ್ಲ. ಈ ಊರಿಗೆಲ್ಲ ಬೆಲ್ಲ ಕೊಡೋನು ಅವನೊಬ್ಬನೇ." ಸುದಾಮ್ ತನ್ನ ಅಂಗೈ ನೋಡಿಕೊಂಡ. "ನಲವತ್ತು ವರ್ಷ ಆಯ್ತು ದೀದಿ, ಎಷ್ಟು ಮನೆ ಅಂಗಳದಲ್ಲಿ ಒಲೆ ಹೂಡಿದೀನಿ. ಕಳ್ಳ ಅಂತ ಒಬ್ರೂ ಅಂದಿರ್ಲಿಲ್ಲ. ಪೊಲೀಸರು ಬರೋದೇ ಬೇಡ, ಇನ್ನು ಈ ಕೈ ಬಾಣಲೆ ಹಿಡಿಯೋಲ್ಲ."

"ಹಿಡಿಯುತ್ತೆ, ಹಿಡಿಯುತ್ತೆ. ಮಧ್ಯಾಹ್ನದೊಳಗೆ," ಎಂದರು ದೀದಿ. ಅವರು ಹಾಗೆ ಹೇಳಿದರೆ ಆಯಿತೆಂದೇ ಲೆಕ್ಕ, ಆದರೂ ಸುದಾಮ್ ನಂಬಿದಂತೆ ಕಾಣಲಿಲ್ಲ. ನನಗೆ ಸಂಕಟವಾಯಿತು.

ಸಂಕಟವಾದಾಗ ಮನುಷ್ಯ ಏನು ಮಾಡುತ್ತಾನೆ? ನಾನು ಉಗ್ರಾಣಕ್ಕೆ ಹೋದೆ. ಶೈಲಬಾಲಾ ಹೆಂಗಸರ ಜೊತೆ ವೀಳ್ಯ ಮಡಿಸುತ್ತಿದ್ದಳು. ಉಗ್ರಾಣದಲ್ಲಿ ಯಾರೂ ಇರಲಿಲ್ಲ. ಕುಂಡು ಅಂಗಡಿಯ ಡಬ್ಬಿಯ ದಾರ ಬಿಚ್ಚಿದೆ. ಎಂಟು ಜಲಭರಾ! ತಾಟಿನಿಂಗಿನ ಆಕಾರದ ಆ ಸಂದೇಶದ ಹೊಟ್ಟೆಯೊಳಗೆ ತಿಳಿಬೆಲ್ಲ ತುಂಬಿರುತ್ತದೆ. ಎಚ್ಚರ ತಪ್ಪಿ ಕಚ್ಚಿದರೆ ರಸ ಚಿಮ್ಮಿ ಅಂಗಿಯೆಲ್ಲ ಹಾಳು. ಹೊಸ ಅಳಿಯಂದಿರನ್ನು ಪೇಚಿಗೆ ಸಿಕ್ಕಿಸಲು ನಮ್ಮಲ್ಲಿ ಅತ್ತೆಯಂದಿರು ಇದನ್ನೇ ತಟ್ಟೆಗಿಡುವುದು. ಮೂಲೆಯ ಒಂದು ಅಪ್ಪಚ್ಚಿಯಾಗಿ ಒಡೆದಿತ್ತು. ಒಳ್ಳೆಯದೊಂದನ್ನು ಎತ್ತಿಕೊಂಡೆ, ಕತ್ತು ಮುಂದೆ ಚಾಚಿದೆ, ಎಡಗೈಯನ್ನು ಗಲ್ಲದ ಕೆಳಗೆ ಹಿಡಿದೆ, ಎರಡು ವರ್ಷದ ಉಪವಾಸವನ್ನೆಲ್ಲ ನೆನೆದು ಕಚ್ಚಿದೆ.

ಏನೂ ಚಿಮ್ಮಲಿಲ್ಲ. ಹೊಟ್ಟೆಯೊಳಗೆ ಒಂದು ಹನಿ ರಸವಿಲ್ಲ! ಬರೀ ಕಂದು ಬಣ್ಣದ ಒಣ ಗುಳಿ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೇರ ದೀದಿಯ ಹತ್ತಿರ ಹೋಗಿ, "ಕುಂಡು ಹಾಳಾಗಿ ಹೋದ ದೀದಿ! ತಾತನ ಕಾಲದ ಹೆಸರನ್ನ ಮಣ್ಣುಪಾಲು ಮಾಡ್ದ! ರಸವೇ ಇಲ್ದಿರೋ ಜಲಭರಾ ಮಾರ್ತಿದಾನೆ!" ಎಂದೆ.

ಎಲೆ ಮಡಿಸುತ್ತಿದ್ದ ದೀದಿಯ ಕೈ ನಿಂತಿತು. "ಯಾವ ಡಬ್ಬಿ?"

"ಭವತೋಷ್ ಬಾಬು ತಂದರಲ್ಲ, ಅದೇ."

"ಜಲಭರಾ ಇತ್ತಾ ಅದರಲ್ಲಿ? ತಪ್ಪಿಲ್ಲದೆ ಹೇಳು."

"ಜಲಭರಾ ಗುರುತು ಸಿಗದಷ್ಟು ಕೆಟ್ಟಿಲ್ಲ ನನ್ನ ಕಣ್ಣು!"

ದೀದಿ ಎಲೆಯನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಮುಖದ ಮೇಲೆ ನಗು ಹರಡಿತು. "ತಾರಾಪದ, ನಿನ್ನ ಚಪಲಕ್ಕೆ ನಾನು ಕೈಮುಗೀಬೇಕು. ಡಬ್ಬಿ ಹಾಗೇ ಕಟ್ಟಿಡು. ನಾನು ಸ್ಟೇಷನ್ ತನಕ ಹೋಗಿ ಬರ್ತೀನಿ, ರಿಕ್ಷಾ ಕರಿ. ಬಾಯಿ ಒರೆಸ್ಕೊ ಮೊದಲು, ಶೈಲ ಈ ಕಡೆ ನೋಡ್ತಿದಾಳೆ."

ಅರ್ಧ ಗಂಟೆಯಲ್ಲಿ ಅವರು ವಾಪಸು ಬಂದಾಗ ರಿಕ್ಷಾದಲ್ಲಿ ಅವರ ಪಕ್ಕ ಅಘೋರ್ ಕುಂಡು ಕೂತಿದ್ದ. ಅಂಗಡಿಯ ಒಡೆಯ, ಭಾರೀ ಹೊಟ್ಟೆ, ಅದಕ್ಕಿಂತ ಭಾರೀ ಸ್ವಾಭಿಮಾನ. ಹನ್ನೊಂದು ಗಂಟೆಗೆ ದೀದಿ ಎಲ್ಲರನ್ನೂ ಅಂಗಳದಲ್ಲಿ, ಆರಿದ ಒಲೆಯ ಸುತ್ತ ಕೂರಿಸಿದರು. ಶಿವಪ್ರಸನ್ನ, ನಿರ್ಮಲಾ, ಸರಜು ದೀದಿ, ಕಾನು, ಭವತೋಷ್ ಒಂದು ಕಡೆ. ಖುಕು ಹೋಗಿ ಸುದಾಮನ ಪಕ್ಕ ಕೂತಳು. ಕುಂಡುವನ್ನು ದೀದಿ ಕಂಬದ ಹಿಂದೆ ನಿಲ್ಲಿಸಿ, ಕರೆದಾಗ ಬಾ ಎಂದಿದ್ದರು.

"ಸುಲಭದ ಲೆಕ್ಕ," ಎಂದು ದೀದಿ ಶುರುಮಾಡಿದರು, ತರಗತಿಯಲ್ಲಿ ನಿಂತ ಹಾಗೆ. "ಹಾರ ಹೋದದ್ದು ಮಂಗಳವಾರ ಎರಡರಿಂದ ನಾಲ್ಕರ ಒಳಗೆ. ಆಮೇಲೆ ಕೋಣೆ ಖಾಲಿ ಇರಲಿಲ್ಲ. ಬೀಗ ಒಡೆದಿಲ್ಲ. ಹಾಗಾದ್ರೆ ಕಳ್ಳನಿಗೆ ಅಕ್ಕಿ ಗಡಿಗೆ ಗೊತ್ತು. ಸರಜು, ನಿನ್ನ ಪ್ರಕಾರ ಅದು ಸುದಾಮ್‌ಗೆ ಹೇಗೆ ಗೊತ್ತು?"

"ಇಣುಕಿ ನೋಡಿರ್ತಾನೆ!"

"ಮಂಗಳವಾರ ಬೆಳಿಗ್ಗೆ ಬಂದೋನು, ಅಂಗಳ ಬಿಟ್ಟು ಮಹಡಿ ಹತ್ತದೋನು ಇಣುಕೋದು ಎಲ್ಲಿಂದ? ಆಗಲಿ, ಇಣುಕಿದ ಅನ್ನೋಣ. ಈಗ ಕಲೆ. ಕೈಗಂಟಿದ ಬೆಲ್ಲ ತಾಗಿದ್ರೆ ಬೆರಳ ಗುರುತು ಬೀಳುತ್ತೆ, ಅಂಗೈ ಗುರುತು ಬೀಳುತ್ತೆ. ಮೂಲೆ ತಿರುಗಿದ ನೇರ ಗೆರೆ ಬೀಳುತ್ತಾ? ಅದು ಕೈಯಲ್ಲ, ಡಬ್ಬಿ. ತಳ ಒದ್ದೆಯಾದ ರಟ್ಟಿನ ಡಬ್ಬಿ. ಯಾರೋ ಅದನ್ನ ಪೆಟ್ಟಿಗೆ ಮೇಲಿಟ್ಟು, ಗಡಿಗೆಯಿಂದ ಬೀಗದ ಕೈ ತೆಗೆದಿದಾರೆ. ಅದೂ ಅಲ್ದೆ ಮಂಗಳವಾರ ಸುದಾಮನ ಹತ್ರ ಬೆಲ್ಲವೇ ಇರಲಿಲ್ಲ. ಇವತ್ತಿಗೂ ಇಲ್ಲ. ಅದಕ್ಕೇ ಖುಕುಗೆ ಜಲಭರಾ ಇಲ್ಲ."

ದೀದಿ ಕಾನುವಿನತ್ತ ತಿರುಗಿದರು.

"ಕಾನು ಮೂರಕ್ಕೆ ಬಂದಾಗ ಹಿಂದಿನ ಬಾಗಿಲು ಬಡಿದುಕೊಳ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದ ಕಳ್ಳ ಡಬ್ಬಿ ಬಾಚಿಕೊಂಡು ಹಿಂದಿನ ಮೆಟ್ಟಿಲಿಳಿದು ಓಡಿದ. ಹಾರ ಜೇಬಲ್ಲಿ, ಡಬ್ಬಿ ಕಂಕುಳಲ್ಲಿ. ಈಗ ಭವತೋಷ್ ಬಾಬು, ಒಂದೇ ಪ್ರಶ್ನೆ. ನಿಮ್ಮ ಡಬ್ಬೀಲಿ ಏನಿದೆ?"

"ಜಲಭರಾ. ಆಗ್ಲೇ ಹೇಳಿದೆನಲ್ಲ."

"ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ತಗೊಂಡಿದ್ದು?"

"ಹೌದು! ಹತ್ತು ಜನರ ಹಿಂದೆ ನಿಂತು!"

ದೀದಿ ಡಬ್ಬಿ ತರಿಸಿ ಒಂದು ಜಲಭರಾವನ್ನು ಎರಡು ಹೋಳು ಮಾಡಿ ಎತ್ತಿ ಹಿಡಿದರು. ಒಣ ಗುಳಿ ಎಲ್ಲರಿಗೂ ಕಂಡಿತು. ಸುದಾಮ್ ಆ ಬೆಳಿಗ್ಗೆ ಮೊದಲ ಸಲ ಕತ್ತೆತ್ತಿದ. "ಎರಡು ದಿನದ್ದು," ಎಂದ ತಟ್ಟನೆ. "ಮೊದಲ ದಿನ ರಸ ಕುಣೀತಿರುತ್ತೆ. ಎರಡು ದಿನ ಇಟ್ರೆ ಸಂದೇಶ ಎಲ್ಲ ಕುಡಿದುಬಿಡುತ್ತೆ."

"ಅಂಗಡಿಯವನು ಹಳೇ ಮಾಲು ಕೊಟ್ರೆ ನಾನೇನ್ರೀ ಮಾಡ್ಲಿ?" ಭವತೋಷ್ ಕಿರುಚಿದ.

"ಯಾರ್ರೀ ಹಳೇ ಮಾಲು ಅಂದದ್ದು?" ಎಂದು ಕಂಬದ ಹಿಂದಿನಿಂದ ಅಘೋರ್ ಕುಂಡು ಸಿಡಿದುಕೊಂಡೇ ಬಂದ. "ಅವತ್ತಿನ ಬೆಲ್ಲ ಬಿಟ್ರೆ ಬೇರೆ ಬೆಲ್ಲ ತುಂಬಿದ್ದಿಲ್ಲ ನಮ್ಮ ಮೂರು ತಲೆಮಾರಲ್ಲಿ! ಬುಧವಾರ ಬೆಳಿಗ್ಗೆ ಬೆಲ್ಲ ಬರ್ಲಿಲ್ಲ, ಜಲಭರಾ ಇಲ್ಲ ಅಂತ ಬೋರ್ಡ್ ತಗುಲಿಹಾಕಿದೀನಿ. ಇವತ್ತೂ ಅಲ್ಲೇ ತೂಗ್ತಿದೆ, ಕಣ್ಣಿದ್ರೆ ಹೋಗಿ ನೋಡಿ. ಕೊನೇ ಡಬ್ಬಿ ಮಾರಿದ್ದು ಮಂಗಳವಾರ ಮಧ್ಯಾಹ್ನ, ಇದೇ ಮಹರಾಯರಿಗೆ! ಮೂಲೇದೊಂದು ಚಪ್ಪಟೆಯಾಗಿದೆ, ಬದಲಾಯಿಸಿ ಅಂತ ನನ್ನ ತಲೆ ತಿಂದ್ರಲ್ಲ, ಮರೆತೀನಾ ಈ ಮುಖ!"

ನಿರ್ಮಲಾ ಎದ್ದು ನಿಂತಳು.

"ಅಕ್ಕಿ ಗಡಿಗೆ," ಎಂದಳು ಮೆಲ್ಲಗೆ. "ಅಮ್ಮ ಅದರಲ್ಲಿ ಬೀಗದ ಕೈ ಇಡೋದು ನಿಂಗೆ ಮಾತ್ರ ಗೊತ್ತಿತ್ತು ಭವಾ. 'ಕಂಡೋರನ್ನ ಬಿಟ್ಕೋಬಾರದು' ಅಂದ್ಯಲ್ಲ, ನನ್ನ ಮುಖ ನೋಡ್ಕೊಂಡೇ!"

ಭವತೋಷನ ಮುಖದ ರಂಗಿಳಿದಿತ್ತು. ಅವನು ಅಕ್ಕನತ್ತ ತಿರುಗಿದ. "ಕೇಳೋಕೇ ಬಂದಿದ್ದೆ ದೀದಿ. ಕದಿಯೋಕಲ್ಲ. ರೇಬಾನೂ ಬೆಳೆದು ನಿಂತಿದಾಳೆ, ಅಮ್ಮನ ಹಾರ ಅವಳಿಗೂ ಸಲ್ಬೇಕು ಅಂತ ಕೇಳೋಣ ಅಂದ್ಕೊಂಡೇ ಹಿಂದಿನ ಬಾಗಿಲಿಂದ ಬಂದೆ. ಮನೇಲಿ ಯಾರೂ ಇರ್ಲಿಲ್ಲ. ಕೈ ಹೋಯ್ತು. ಸುಮ್ಮನೆ ಹೋಯ್ತು ಕೈ."

"ಅದೆಲ್ಲ ಇರಲಿ," ಎಂದರು ಹೈಮವತಿ ದೀದಿ. "ನನಗೆ ಅರ್ಥವಾಗದ್ದು ಒಂದೇ. ಹಾರ ಹೊತ್ತು ಓಡಿದಿರಿ, ಸರಿ. ಈ ಡಬ್ಬೀನ ಗಂಗೆಗೆ ಎಸೆದಿದ್ರೆ ನಾನು ಇವತ್ತಿಗೂ ತಲೆ ಕೆರ್ಕೊಂಡಿರ್ತಿದ್ದೆ. ಯಾಕೆ ಎಸೀಲಿಲ್ಲ?"

ಭವತೋಷ್ ದೀದಿಯ ಮುಖವನ್ನು ಅಚ್ಚರಿಯಿಂದ ನೋಡಿದ. "ಹೊಸ ಬೆಲ್ಲದ ಜಲಭರಾ," ಎಂದ. "ಅದೂ ಕುಂಡು ಅಂಗಡೀದು. ಎಸೆಯೋದು ಹೇಗೆ ದೀದಿ?"

ಕಾನು ಕಿಸಕ್ಕನೆ ನಕ್ಕ. ಕುಂಡು ಮಾತ್ರ ಗಂಭೀರವಾಗಿ, ಇದು ನ್ಯಾಯವಾದ ಮಾತು ಎಂಬಂತೆ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ. ನಾನಾಗಿದ್ದರೂ ಎಸೆಯುತ್ತಿರಲಿಲ್ಲ, ಯಾವ ಬಂಗಾಳಿಯೂ ಎಸೆಯುತ್ತಿರಲಿಲ್ಲ.

"ಅದು ಸರಿ, ರಸ ಇಲ್ಲ ಅಂತ ತಿಂದು ನೋಡ್ದೋರು ಯಾರು?" ಎಂದು ಹಿಂದಿನಿಂದ ಶೈಲಬಾಲಾಳ ದನಿ ಬಂತು. ದೀದಿ ನನ್ನನ್ನು ನೋಡಿದರು, ನಾನು ಆಕಾಶ ನೋಡಿದೆ. ಮುಂದೆ ಹದಿನೈದು ದಿನ ನನ್ನ ಮನೆಯಲ್ಲಿ ಬೇವಿನೆಲೆ ಪಲ್ಯವೇ ಊಟ, ಅದನ್ನಿಲ್ಲಿ ವಿವರಿಸುವುದಿಲ್ಲ.

"ಹಾರ ಎಲ್ಲಿದೆ?" ನಿರ್ಮಲಾ ಕೇಳಿದಳು.

ಮನೆಯಲ್ಲಿಟ್ಟರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆಂದು ಅವನು ಅದನ್ನು ಸೊಂಟದಲ್ಲೇ ಕಟ್ಟಿಕೊಂಡು ತಿರುಗುತ್ತಿದ್ದ. ಬಟ್ಟೆ ಬಿಚ್ಚಿ ಹೊರಗೆ ತೆಗೆದ. ಏಳೆಳೆಯೂ ಹೊಳೆದವು. ನಿರ್ಮಲಾ ಕೈ ಚಾಚಲಿಲ್ಲ.

"ನೀನೇ ಹಾಕು ಖುಕು ಕೊರಳಿಗೆ. ಎಲ್ಲರ ಮುಂದೆ."

ಅವನು ಹಾಕಲು ಹೋದ ಕೊಂಡಿ ಎರಡು ಸಲ ತಪ್ಪಿತು. ಖುಕು ಅಲುಗದೆ ಕೂತಿದ್ದಳು. ಹಾರ ಹಾಕಿ ಮುಗಿದ ಮೇಲೆ ನಿರ್ಮಲಾ ತಮ್ಮನತ್ತ ತಿರುಗಿದಳು. "ಬಾಯಿಬಿಟ್ಟು ಕೇಳಿದ್ರೆ ರೇಬಾ ಮದುವೇಲಿ ನಾನೇ ಅವಳ ಕೊರಳಿಗೆ ಹಾಕ್ತಿದ್ದೆ ಕಣೋ. ಇನ್ನೂ ಹಾಕ್ತೀನಿ, ಅವಳದ್ದೇನು ತಪ್ಪು? ಆದ್ರೆ ಮೊದಲು ಆ ಮನುಷ್ಯನ ಕಾಲು ಹಿಡಿ."

ಭವತೋಷ್ ಬಗ್ಗುವ ಮೊದಲೇ ಸುದಾಮ್ ಹಿಂದೆ ಸರಿದ. "ಬೇಡ ಬಾಬು. ಬ್ರಾಹ್ಮಣರು ನೀವು, ನನಗ್ಯಾಕೆ ಪಾಪ?" ಎಂದು ಗಂಟು ಹೆಗಲಿಗೇರಿಸಿದ. "ಖುಕುಮಣಿ, ಸಂದೇಶ ಮರಿಗೆಯಲ್ಲಿದೆ, ಒದ್ದೆ ಬಟ್ಟೆ ಮುಚ್ಚಿದೀನಿ. ನಾನು ಹೊರಟೆ."

"ಕಾಕಾ, ಇನ್ನೂ ರಸಗುಲ್ಲಾ ಆಗಬೇಕು! ಎಲ್ಲ ಸರಿಹೋಯ್ತಲ್ಲ!"

"ಹಾರ ಸಿಕ್ತು ಮಗಳೇ. ಎಲ್ಲ ಸರಿಹೋಗಲಿಲ್ಲ."

ಶಿವಪ್ರಸನ್ನ ಕೈಮುಗಿದ. ಕಾನು ದಾರಿಗಡ್ಡ ನಿಂತ. ಸುದಾಮ್ ಯಾರ ಮುಖವನ್ನೂ ನೋಡದೆ ಬಾಗಿಲತ್ತ ನಡೆದ. ನನ್ನ ದೀದಿ, ಎಲ್ಲಕ್ಕೂ ಉತ್ತರವಿರುವ ನನ್ನ ಹೈಮವತಿ ದೀದಿ, ಮೊದಲ ಬಾರಿ ನೀನೇ ಏನಾದರೂ ಮಾಡು ಎಂಬಂತೆ ನನ್ನತ್ತ ನೋಡಿದರು. ಓಣಿಯ ತುದಿಯಲ್ಲಿ ಶಂಖದ ದನಿ ಕೇಳಿಸಿತು. ಗಂಡಿನ ಮನೆಯವರ ಅರಿಶಿನದ ತಟ್ಟೆಗಳು ಬರುತ್ತಿದ್ದವು.

"ನಿಲ್ಲು," ಎಂದರು ಸರಜು ದೀದಿ.

ಅವರು ಮರಿಗೆಯ ಹತ್ತಿರ ಹೋಗಿ ಒದ್ದೆ ಬಟ್ಟೆ ಸರಿಸಿದರು. ತಾವಾಗಿ ತೆಗೆದುಕೊಳ್ಳಲಿಲ್ಲ. ಸುದಾಮನ ಮುಂದೆ ಬಂದು ಬಲ ಅಂಗೈ ಚಾಚಿ ನಿಂತರು. "ಒಂದು ಹಾಕು. ನಿನ್ನ ಕೈಯಿಂದ."

ಸುದಾಮ್ ಅವರ ಕೈಯನ್ನೇ ನೋಡಿದ, ಆಮೇಲೆ ಮುಖ ನೋಡಿದ. ಗಂಟು ಕೆಳಗಿಟ್ಟು, ಕೈ ತೊಳೆದು, ಒಂದು ಶಂಖದ ಸಂದೇಶ ಎತ್ತಿ ಆ ಅಂಗೈಯಲ್ಲಿಟ್ಟ. ಹದಿನೆಂಟು ವರ್ಷದಿಂದ ಪರರ ಕೈಯ ತುತ್ತು ಮುಟ್ಟದಿದ್ದ ಸರಜು ದೀದಿ ಎಲ್ಲರೆದುರು ನಿಂತು ಅದನ್ನು ಪೂರ್ತಿ ತಿಂದರು, ಬೆರಳಿಗಂಟಿದ ಪುಡಿಯನ್ನೂ ಬಿಡದೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಸಿಹಿ ಸ್ವಲ್ಪ ಕಮ್ಮಿ," ಎಂದರು.

"ಕಮ್ಮೀನೇ ಇರ್ಬೇಕು ಪಿಶಿಮಾ," ಎಂದ ಸುದಾಮ್. "ಇಲ್ದಿದ್ರೆ ಹಾಲಿನ ರುಚಿ ಗೊತ್ತಾಗೋಲ್ಲ."

"ಹಾಗಾದ್ರೆ ಸರಿಯಾಗಿದೆ. ಇನ್ನೊಂದು ಹಾಕು. ಏಯ್ ಕಾನು, ಬಾಯಿ ಕಳ್ಕೊಂಡು ನಿಂತಿದೀಯಲ್ಲ, ಬೆಂಕಿಪೊಟ್ಟಣ ಕೊಡು ಇಲ್ಲಿ!"

ಸುದಾಮ್ ಗಂಟು ಬಿಚ್ಚಿ ಸೌಟು ಹೊರಗೆ ತೆಗೆದ. ತಟ್ಟೆಗಳು ಬಾಗಿಲಿಗೆ ಬಂದಾಗ ಸರಜು ದೀದಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಕೈಯಾರೆ ಬೆಂಕಿ ಹಚ್ಚುತ್ತಿದ್ದರು.